ತಗಡು ಬಗ್ಗಿಸುವ ಅಯಸ್ಕಾಂತ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಕೇಳುತ್ತಾರೆ. ತಗಡಿನ ಕೆಲಸದವರ ಕಷ್ಟವೇ ಬೇರೆ. ತಗಡೇನೋ ಬಗ್ಗುತ್ತದೆ, ಆದರೆ ನಾವು ಹೇಳಿದ ಜಾಗದಲ್ಲಿ ಬಗ್ಗುವುದಿಲ್ಲ. ಒಂದು ತುಂಡು ತಗಡಿನ ಮೇಲೆ ನೇರವಾಗಿ ಗೆರೆ ಎಳೆದು, ಮೇಜಿನ ಅಂಚಿಗೆ ಒತ್ತಿ ಹಿಡಿದು, ಮರದ ಸುತ್ತಿಗೆಯಿಂದ ಬಡಿದು ನೋಡಿ. ನಡುವೆ ಗೆರೆಯ ಮೇಲೇ ಮಡಿಕೆ ಬಿದ್ದಿರುತ್ತದೆ, ತುದಿಗಳಲ್ಲಿ ಅದು ಹಾವಿನಂತೆ ಹೊರಳಿ ಎಲ್ಲಿಗೋ ಹೋಗಿರುತ್ತದೆ. ಬಡಿದ ಪ್ರತಿ ಏಟಿನ ಗುರುತೂ ಉಳಿದಿರುತ್ತದೆ.

ಅಚ್ಚುಕಟ್ಟಾದ ಮಡಿಕೆಗೆ ಬೇಕಾದದ್ದು ಎರಡೇ. ಗೆರೆಯ ಈಚಿನ ಭಾಗವನ್ನು ಉದ್ದಕ್ಕೂ ಒಂದೇ ಸಮನಾಗಿ ಅದುಮಿ ಹಿಡಿಯಬೇಕು, ಆಚಿನ ಭಾಗವನ್ನು ಒಂದೇ ಸಲಕ್ಕೆ ಎತ್ತಬೇಕು. ಕಾರ್ಖಾನೆಗಳಲ್ಲಿ ಇದಕ್ಕೆಂದೇ ದೊಡ್ಡ ಯಂತ್ರಗಳಿವೆ. ಮನೆಯ ಹಿತ್ತಲಿನ ಷೆಡ್ಡಿನಲ್ಲಿ ಏನು ಮಾಡುವುದು? ಇದಕ್ಕೊಂದು ಸೊಗಸಾದ ಉಪಾಯವಿದೆ. ಅದುಮಿ ಹಿಡಿಯುವ ಕೆಲಸವನ್ನು ವಿದ್ಯುತ್ಕಾಂತಕ್ಕೆ ಒಪ್ಪಿಸುವುದು. 1970ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಇಂಥ ಯಂತ್ರ ‘ಮ್ಯಾಗ್ನಾಬೆಂಡ್’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ಅದರ ಚಿಕ್ಕ ತಮ್ಮನನ್ನು, ಅಂದರೆ ಒಂದು ಅಡಿ ಉದ್ದದ ಯಂತ್ರವನ್ನು, ಹತ್ತನೇ ತರಗತಿಯ ವಿಜ್ಞಾನ ಬಲ್ಲ ವಿದ್ಯಾರ್ಥಿ ಹಿರಿಯರೊಬ್ಬರ ಜತೆಗೂಡಿ ಕಟ್ಟಬಹುದು. ಅದು ಹೇಗೆ, ಯಾಕೆ ಕೆಲಸ ಮಾಡುತ್ತದೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಇಲ್ಲಿ ನೋಡೋಣ.

ನಮ್ಮ ಊರಿಗೆ ಇದೇಕೆ?

ಚನ್ನಗಿರಿ ಅಡಿಕೆಯ ಸೀಮೆ. ಹೊನ್ನಾಳಿ, ಅದರಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿ ಕಡೆ ಭತ್ತ, ಅಡಿಕೆ, ಮೆಕ್ಕೆಜೋಳ. ಜಗಳೂರು ಮಳೆಯನ್ನೇ ನೆಚ್ಚಿದ ಬಯಲುಸೀಮೆ. ನಾಲ್ಕು ಕಡೆಯ ಬೇಸಾಯ ಬೇರೆ ಬೇರೆಯಾದರೂ ತಗಡಿನ ಅಗತ್ಯ ಒಂದೇ. ಅಡಿಕೆ ಸುಲಿಯುವ ಯಂತ್ರದ ಬೆಲ್ಟಿಗೆ ಮರೆ ಬೇಕು. ಮೆಕ್ಕೆಜೋಳ ಬಿಡಿಸುವ ಯಂತ್ರಕ್ಕೆ ಕಾಳು ಇಳಿಯುವ ದೋಣಿ ಬೇಕು. ಕೂರಿಗೆಗೆ ಬೀಜದ ಪೆಟ್ಟಿಗೆ, ಪಂಪ್‌ಸೆಟ್ಟಿನ ಸ್ಟಾರ್ಟರ್‌ಗೆ ಮಳೆ ತಾಗದ ಗೂಡು ಬೇಕು. ಇವೆಲ್ಲ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ವಸ್ತುಗಳಲ್ಲ. ಅಳತೆ ಕೊಟ್ಟು ಮಾಡಿಸಬೇಕು. ಒಂದು ಬೆಲ್ಟಿನ ಮರೆ ಇಲ್ಲದ ಕಾರಣಕ್ಕೆ ಪಂಚೆಯ ಅಂಚೋ ಸೀರೆಯ ಸೆರಗೋ ಸಿಕ್ಕಿಕೊಂಡರೆ ಆಗುವ ಅನಾಹುತವನ್ನು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರ ಕಟ್ಟುವುದು ಈ ಸೀಮೆಗೆ ಹೊಸದೂ ಅಲ್ಲ. ಚನ್ನಗಿರಿಯ ನೆರೆಯ ಭದ್ರಾವತಿಯಲ್ಲಿ 1923ರಲ್ಲೇ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು ಅಲ್ಲಿ ಕಬ್ಬಿಣವಾಯಿತು. ಈಗ ಇದೇ ದಾವಣಗೆರೆ ಜಿಲ್ಲೆಗೆ ಸೇರಿರುವ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಂಪೆನಿಯ ಲೇತ್‌ಗಳು ದೇಶದ ನಾನಾ ಕಡೆಯ ವರ್ಕ್‌ಷಾಪುಗಳಿಗೆ ಹೋದವು. ಆ ಕಾರ್ಖಾನೆ ಮುಚ್ಚಿಹೋಗಿದೆ. ಆದರೆ ಯಂತ್ರ ಮಾಡುವ ಯಂತ್ರಗಳನ್ನೇ ತಯಾರಿಸಿದ ಜಿಲ್ಲೆಯ ಮಕ್ಕಳು ಒಂದು ತಗಡು ಮಡಿಸುವ ಸಾಧನಕ್ಕೆ ಹೆದರಬೇಕಾಗಿಲ್ಲ.

ಗಡಿಯಾರದ ಅಂಗಡಿಯ ಹುಡುಗ

ಯಂತ್ರದ ಜೀವ ವಿದ್ಯುತ್ಕಾಂತ. ಅದರ ಕಥೆ ಚಿಕ್ಕದು. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ತಂತಿಯಲ್ಲಿ ವಿದ್ಯುತ್ ಹರಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ಅಲುಗುವುದನ್ನು ಕಂಡ. 1825ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಲಾಳದಾಕಾರದ ಕಬ್ಬಿಣಕ್ಕೆ ವಾರ್ನಿಶ್ ಬಳಿದು ತಂತಿ ಸುತ್ತಿದ. ಇನ್ನೂರು ಗ್ರಾಂ ತೂಕದ ಆ ಲಾಳ ನಾಲ್ಕು ಕಿಲೋ ಎತ್ತಿತು.

ಆಮೇಲೆ ಬಂದವನು ಅಮೆರಿಕದ ಜೋಸೆಫ್ ಹೆನ್ರಿ. ಬಡವರ ಮನೆಯ ಹುಡುಗ. ಹದಿಮೂರರ ವಯಸ್ಸಿನಲ್ಲಿ ಗಡಿಯಾರದ ಅಂಗಡಿಗೆ ಕೆಲಸ ಕಲಿಯಲು ಸೇರಿದವನು ಮುಂದೆ ಶಾಲೆಯ ಉಪಾಧ್ಯಾಯನಾದ. ಸ್ಟರ್ಜನ್ ಕಬ್ಬಿಣಕ್ಕೆ ಹೊದಿಕೆ ಕೊಟ್ಟಿದ್ದರೆ, ಹೆನ್ರಿ ತಂತಿಗೇ ಹೊದಿಕೆ ಕೊಟ್ಟ. ಆಗ ಸುತ್ತುಗಳನ್ನು ಒತ್ತೊತ್ತಾಗಿ, ಒಂದರ ಮೇಲೊಂದು ಪದರವಾಗಿ ಸುತ್ತಬಹುದಾಯಿತು. 1831ರಲ್ಲಿ ಅವನು ಯೇಲ್ ಕಾಲೇಜಿಗೆ ಮಾಡಿಕೊಟ್ಟ ಕಾಂತ 900 ಕಿಲೋಗೂ ಹೆಚ್ಚು ತೂಕ ಎತ್ತಿತು. ತಂತಿಗೆ ಹೊದಿಕೆ ಸುತ್ತುವುದು ಕೈಕೆಲಸದವರಿಗೆ ಹೊಳೆಯುವಂಥ ಉಪಾಯ. “ಓದೋದು ಬಿಟ್ಟು ಸ್ಕ್ರೂ ಡ್ರೈವರ್ ಹಿಡ್ಕೊಂಡು ಕೂತಿದ್ದಾನೆ” ಎಂದು ಮಗನನ್ನು ಗದರುವ ಮುನ್ನ ತಂದೆ ತಾಯಿ ಹೆನ್ರಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಯಂತ್ರದ ಅಂಗಾಂಗ

ಇಂಗ್ಲಿಷಿನ ‘ಇ’ ಅಕ್ಷರವನ್ನು ಮಲಗಿಸಿ, ಮೂರು ಕಾಲುಗಳೂ ಮೇಲಕ್ಕಿರುವಂತೆ ಕಲ್ಪಿಸಿಕೊಳ್ಳಿ. ಅದನ್ನೇ 300 ಮಿ.ಮೀ. ಉದ್ದಕ್ಕೆ ಎಳೆದರೆ ನಮ್ಮ ಯಂತ್ರದ ಒಡಲು. ಮುಂದಿನ ಮತ್ತು ಹಿಂದಿನ ಕಾಲು ತಲಾ 20 ಮಿ.ಮೀ. ದಪ್ಪ, 50 ಮಿ.ಮೀ. ಎತ್ತರದ ಕಬ್ಬಿಣದ ಪಟ್ಟಿ. ನಡುವಿನ ಕಾಲು ಅಂಥವೇ ಎರಡು ಪಟ್ಟಿ ಜೋಡಿಸಿದ 40 ಮಿ.ಮೀ. ದಪ್ಪದ್ದು. ಇವುಗಳ ನಡುವೆ ತಲಾ 25 ಮಿ.ಮೀ. ಅಗಲದ ಎರಡು ಕಾಲುವೆ. ಎಲ್ಲವನ್ನೂ 130 ಮಿ.ಮೀ. ಅಗಲ, 20 ಮಿ.ಮೀ. ದಪ್ಪದ ತಳದ ಪಟ್ಟಿಗೆ ಕೆಳಗಿನಿಂದ ಬೋಲ್ಟ್ ಹಾಕಿ ಬಿಗಿಯಬೇಕು. ಕಬ್ಬಿಣಕ್ಕೆ ಕಬ್ಬಿಣ ಕೂಡುವ ಕಡೆ ತುಕ್ಕು, ಬಣ್ಣ, ಸಂದು ಇರಕೂಡದು. ಕಾಂತದ ಹರಿವಿಗೆ ಅದು ದಾರಿ. ಗದ್ದೆಯ ಕಾಲುವೆಗೆ ಕಲ್ಲು ಅಡ್ಡ ಬಿದ್ದರೆ ನೀರಿಗೆ ಆಗುವಂತೆಯೇ ಇಲ್ಲೂ ಆಗುತ್ತದೆ.

ನಡುವಿನ ಕಾಲಿನ ಸುತ್ತ ತಾಮ್ರದ ಸುರುಳಿ. ಎರಡು ಕಾಲುವೆಗಳಲ್ಲಿ ಅದರ ಎರಡು ಮಗ್ಗುಲು ಕೂರುತ್ತವೆ. ಸುರುಳಿಯ ಮೇಲೆ ಉಳಿಯುವ ಜಾಗವನ್ನು ಮರದ ಪಟ್ಟಿಯಿಂದ ಮುಚ್ಚಿ, ಮೂರು ಕಾಲುಗಳ ನೆತ್ತಿಯನ್ನೂ ಸಮತಟ್ಟಾಗಿ ಅರ ಹೊಡೆಯಬೇಕು.

ಇದರ ಮೇಲೆ ಬಿಡಿಯಾಗಿ ಕೂರುವುದು ಒತ್ತುಪಟ್ಟಿ. ಅದೂ 20 ಮಿ.ಮೀ. ದಪ್ಪ, 130 ಮಿ.ಮೀ. ಅಗಲ. ಮುಂದಿನ ಅಂಚನ್ನು ಇಳಿಜಾರಾಗಿ ಸವೆಸಿರಬೇಕು. ತಗಡನ್ನು ಒಡಲು ಮತ್ತು ಒತ್ತುಪಟ್ಟಿಯ ನಡುವೆ ಇಟ್ಟು ಸ್ವಿಚ್ ಒತ್ತಿದರೆ, ಕಾಂತದ ಹರಿವು ನಡುಗಾಲಿನಿಂದ ಮೇಲೆದ್ದು ಒತ್ತುಪಟ್ಟಿಯನ್ನು ಹೊಕ್ಕು, ಮುಂದಿನ ಹಿಂದಿನ ಕಾಲುಗಳ ಮೂಲಕ ಇಳಿದು ತಳಕ್ಕೆ ಮರಳುತ್ತದೆ. ಒತ್ತುಪಟ್ಟಿ ಕಚ್ಚಿಕೊಳ್ಳುತ್ತದೆ.

ಕೊನೆಯದು ಮಡಿಸುಪಟ್ಟಿ. ಆರು ಮಿ.ಮೀ. ದಪ್ಪದ ಎಲ್ ಆಕಾರದ ಆ್ಯಂಗಲ್ ಸಾಕು. ಒಡಲಿನ ಮುಂದೆ, ಅದರ ಮೇಲ್ಮೈಗೆ ಸಮವಾಗಿ ನಿಂತಿದ್ದು, ಕೈಹಿಡಿ ಎತ್ತಿದಾಗ ಬಾಗಿಲಿನಂತೆ ತಿರುಗಬೇಕು. ಇಡೀ ಯಂತ್ರದ ನಾಜೂಕಿರುವುದು ಇಲ್ಲಿ. ಅದು ತಿರುಗುವ ಅಕ್ಷ ಒಡಲಿನ ಮುಂದಿನ ಮೇಲಂಚಿನ ಮೇಲೇ ಹಾದುಹೋಗಬೇಕು. ಬಾಗಿಲಿನ ಸಾಮಾನ್ಯ ಕೀಲು ಹಾಕಿದರೆ ಅಕ್ಷ ಕೆಳಗೋ ಹೊರಗೋ ಸರಿದು, ಮಡಿಸುಪಟ್ಟಿ ತಗಡನ್ನು ಮಡಿಸುವ ಬದಲು ಉಜ್ಜುತ್ತದೆ. ಎರಡು ತುದಿಗಳಿಗೂ ತುಂಡು ಪಟ್ಟಿ ಕೂರಿಸಿ, ಆ ಅಂಚಿನ ನೇರಕ್ಕೇ ತೂತು ಕೊರೆದು ಗಟ್ಟಿ ಪಿನ್ ಹಾಕುವುದು ಒಂದಡಿಯ ಯಂತ್ರಕ್ಕೆ ಸುಲಭದ ದಾರಿ. ಒತ್ತುಪಟ್ಟಿಯ ಅಂಚು ಈ ಅಕ್ಷಕ್ಕಿಂತ ತಗಡಿನ ದಪ್ಪದಷ್ಟು ಹಿಂದೆ ಇರಲಿ.

ಕಬ್ಬಿಣ ಒಟ್ಟು 22 ಕಿಲೋದಷ್ಟು ಬೇಕಾದೀತು. ಗುಜರಿಯಲ್ಲಿ ಹುಡುಕಿದರೆ ಬಹಳಷ್ಟು ಸಿಗುತ್ತದೆ. ಮೆದು ಕಬ್ಬಿಣವನ್ನೇ ಆರಿಸಬೇಕು. ಲಾರಿಯ ಪ್ಲೇಟಿನಂಥ ಗಡಸು ಉಕ್ಕು ಒಮ್ಮೆ ಕಾಂತವಾದರೆ ಹಟಮಾರಿ. ಸ್ವಿಚ್ ಆರಿಸಿದರೂ ಬಿಡುವುದಿಲ್ಲ.

ಸುರುಳಿಯ ಲೆಕ್ಕ

ಕಾಂತದ ಬಲ ಸುತ್ತುಗಳ ಸಂಖ್ಯೆಯನ್ನು ವಿದ್ಯುತ್ತಿನಿಂದ ಗುಣಿಸಿದಷ್ಟು. ನಮಗೆ ಬೇಕಾದದ್ದು ಸುಮಾರು 3000 ‘ಆಂಪಿಯರ್-ಸುತ್ತು’. 3000 ಸುತ್ತಿಗೆ ಒಂದು ಆಂಪಿಯರ್ ಹರಿಸಿದರೂ ಸರಿ, 300 ಸುತ್ತಿಗೆ ಹತ್ತು ಆಂಪಿಯರ್ ಹರಿಸಿದರೂ ಸರಿ. ಕಾಂತಕ್ಕೆ ಎರಡೂ ಒಂದೇ. ಮನುಷ್ಯನಿಗೆ ಮಾತ್ರ ಒಂದೇ ಅಲ್ಲ.

ಹೆಚ್ಚು ಸುತ್ತು ಎಂದರೆ ತೆಳು ತಂತಿ, ಹೆಚ್ಚು ವೋಲ್ಟೇಜ್. ದೊಡ್ಡ ಯಂತ್ರಗಳು ಮನೆಯ 230 ವೋಲ್ಟ್ ವಿದ್ಯುತ್ತನ್ನೇ ಏಕಮುಖವಾಗಿಸಿ ಬಳಸುತ್ತವೆ. ಇಡೀ ಒಡಲು ಕಬ್ಬಿಣ, ಅದನ್ನು ಹಿಡಿಯುವುದು ಬರಿಗೈ, ನಿಲ್ಲುವುದು ನೆಲದ ಮೇಲೆ. ಎಲ್ಲೋ ಒಂದು ಕಡೆ ತಂತಿಯ ಹೊದಿಕೆ ತರಚಿದರೆ ಸಾಕು, ಪ್ರಾಣಕ್ಕೇ ಸಂಚಕಾರ. ವಿದ್ಯಾರ್ಥಿಗಳು ಆ ದಾರಿ ಹಿಡಿಯಲೇಬಾರದು. ದಪ್ಪ ತಂತಿಯ 300 ಸುತ್ತು, ಸರಣಿಯಲ್ಲಿ ಜೋಡಿಸಿದ ಎರಡು 12 ವೋಲ್ಟ್ ಬ್ಯಾಟರಿ, ಒಟ್ಟು 24 ವೋಲ್ಟ್. ಮನೆಯಲ್ಲಿ ಕಟ್ಟುವ ಯಂತ್ರಕ್ಕೆ ಇದೇ ಸರಿ.

ತಂತಿ 1.4 ಮಿ.ಮೀ. ವ್ಯಾಸದ್ದಿರಲಿ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 17 ಗೇಜ್ ಎಂದು ಕೇಳಿದರೆ ಕೊಡುತ್ತಾರೆ. ಮೂರೂವರೆ ಕಿಲೋದಷ್ಟು ಬೇಕು. ಖರ್ಚಿನಲ್ಲಿ ದೊಡ್ಡದು ಇದೇ. ಒಂದು ಸುತ್ತಿಗೆ ಸರಾಸರಿ 78 ಸೆಂ.ಮೀ. ಎಂದರೆ 300 ಸುತ್ತಿಗೆ 234 ಮೀಟರ್. ಅದರ ರೋಧ ಸುಮಾರು ಎರಡೂವರೆ ಓಮ್. ಇನ್ನು ಓಮನ ನಿಯಮ: 24 ವೋಲ್ಟನ್ನು ಎರಡೂವರೆಯಿಂದ ಭಾಗಿಸಿದರೆ ಹತ್ತಿರ ಹತ್ತಿರ ಹತ್ತು ಆಂಪಿಯರ್. ಪಠ್ಯಪುಸ್ತಕದ ಸೂತ್ರ ಇಲ್ಲಿ ಅಂಕಕ್ಕಾಗಿ ಅಲ್ಲ, ಮೂರೂವರೆ ಕಿಲೋ ತಾಮ್ರ ದಂಡವಾಗದಿರಲಿ ಎಂಬುದಕ್ಕಾಗಿ ಬೇಕಾಗುತ್ತದೆ.

ಮರದ ಅಚ್ಚಿನ ಮೇಲೆ ಸುರುಳಿಯನ್ನು ಸುತ್ತಿ, ಟೇಪಿನಿಂದ ಬಿಗಿದು, ವೈಂಡಿಂಗ್ ಕಾಗದದ ಮರೆ ಕೊಟ್ಟು ಕಾಲುವೆಯಲ್ಲಿ ಇಳಿಸಬೇಕು. ಕೂರಿಸಿದ ಮೇಲೆ ಮಲ್ಟಿಮೀಟರ್ ಹಿಡಿದು ಎರಡು ಪರೀಕ್ಷೆ ಮಾಡಬೇಕು. ಸುರುಳಿಯ ಎರಡು ತುದಿಗಳ ನಡುವೆ ಎರಡೂವರೆ ಓಮ್ ತೋರಿಸಬೇಕು; ಸುರುಳಿಗೂ ಕಬ್ಬಿಣದ ಒಡಲಿಗೂ ಯಾವ ಸಂಪರ್ಕವೂ ಇರಬಾರದು.

ಚಾಲೂ ಇದ್ದಾಗ ಸುರುಳಿ ಸುಮಾರು 240 ವಾಟ್ ಶಾಖ ಉಗುಳುತ್ತದೆ. ಒಂದು ನಿಮಿಷ ಬಿಡದೆ ಹರಿಸಿದರೆ ತಾಮ್ರದ ಉಷ್ಣತೆ ಹತ್ತು ಡಿಗ್ರಿ ಏರುತ್ತದೆ. ಒಂದು ಮಡಿಕೆಗೆ ಹತ್ತಿಪ್ಪತ್ತು ಸೆಕೆಂಡು ಸಾಕಾದ್ದರಿಂದ ತೊಂದರೆಯಿಲ್ಲ. ಆನ್ ಮಾಡಿ ಮರೆತು ಊಟಕ್ಕೆ ಹೋದರೆ ಮಾತ್ರ ಸುರುಳಿಯ ಕಥೆ ಮುಗಿದಂತೆ.

ಎಷ್ಟು ಬಲ, ಎಷ್ಟು ದಪ್ಪ?

ತಗಡು ಅಲ್ಯೂಮಿನಿಯಮ್ಮಿನದಾದರೆ, ಕಾಂತದ ದೃಷ್ಟಿಯಲ್ಲಿ ಅದು ಗಾಳಿಯಿದ್ದಂತೆ. 1.6 ಮಿ.ಮೀ. ತಗಡು ಇಟ್ಟರೆ ಹರಿವು ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಆ ಸಂದು ದಾಟಬೇಕು. ನಮ್ಮ 3000 ಆಂಪಿಯರ್-ಸುತ್ತಿಗೆ ಅಲ್ಲಿ ಸುಮಾರು ಒಂದು ಟೆಸ್ಲಾ ಕಾಂತಕ್ಷೇತ್ರ ಉಂಟಾಗುತ್ತದೆ. ಒಂದು ಟೆಸ್ಲಾ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ನಾಲ್ಕು ಕಿಲೋ ಸೆಳೆತ. ಮೂರು ಕಾಲುಗಳ ನೆತ್ತಿ ಒಟ್ಟು 240 ಚದರ ಸೆಂ.ಮೀ. ಗುಣಿಸಿ ನೋಡಿ: 960 ಕಿಲೋ. ಹೆನ್ರಿಯ ಕಾಂತ ಎತ್ತಿದ ಭಾರದ ಆಸುಪಾಸು, ನಿಮ್ಮ ಮೇಜಿನ ಮೇಲೆ! ತಗಡು ಕಬ್ಬಿಣದ್ದಾದರೆ ಅದೇ ಹರಿವಿಗೆ ದಾರಿಯಾಗುವುದರಿಂದ ಹಿಡಿತ ಇನ್ನೂ ಬಿಗಿ.

ಬಗ್ಗಿಸಲು ಬೇಕಾದ ಬಲವಾದರೋ ಅಚ್ಚರಿ ಹುಟ್ಟಿಸುವಷ್ಟು ಕಡಿಮೆ. ಒಂದು ಮಿ.ಮೀ. ದಪ್ಪದ, ಒಂದಡಿ ಉದ್ದದ ಮೆದು ಉಕ್ಕಿನ ತಗಡಿಗೆ, ಒಂದಡಿ ಉದ್ದದ ಕೈಹಿಡಿಯ ತುದಿಯಲ್ಲಿ ಆರೇಳು ಕಿಲೋ ಒತ್ತಿದರೆ ಲೆಕ್ಕದ ಪ್ರಕಾರ ಮಡಿಕೆ ಏಳುತ್ತದೆ. ತಿಕ್ಕಾಟ ಸೇರಿಸಿ ಹತ್ತು ಕಿಲೋ ಎನ್ನಿ.

ಹಾಗಾದರೆ ದಪ್ಪ ತಗಡನ್ನೂ ಮಡಿಸಬಹುದಲ್ಲ? ಇಲ್ಲ. ದಪ್ಪ ಎರಡರಷ್ಟಾದರೆ ಬಗ್ಗಿಸುವ ಬಲ ನಾಲ್ಕರಷ್ಟು ಬೇಕು. ಅಲ್ಯೂಮಿನಿಯಮ್ಮಿನಲ್ಲಿ ಸಂದು ಇಮ್ಮಡಿಯಾಗಿ ಕಾಂತಕ್ಷೇತ್ರ ಅರ್ಧಕ್ಕಿಳಿಯುತ್ತದೆ. ಸೆಳೆತ ಕ್ಷೇತ್ರದ ವರ್ಗಕ್ಕೆ ಅನುಗುಣವಾದ್ದರಿಂದ ಕಾಲುಭಾಗಕ್ಕೆ ಬೀಳುತ್ತದೆ. ಒಂದು ಕಡೆ ನಾಲ್ಕು ಪಟ್ಟು ಬೇಡಿಕೆ, ಇನ್ನೊಂದು ಕಡೆ ಕಾಲು ಪಾಲು ಪೂರೈಕೆ; ಒಟ್ಟು ಹದಿನಾರು ಪಟ್ಟು ನಷ್ಟ. ದೊಡ್ಡ ಯಂತ್ರಗಳೂ ಉಕ್ಕಿನಲ್ಲಿ ಸಾಮಾನ್ಯವಾಗಿ 1.6 ಮಿ.ಮೀ.ಗೆ ನಿಲ್ಲುತ್ತವೆ. ನಮ್ಮದು ಒಂದು ಮಿ.ಮೀ. ಒಳಗಿನ ತಗಡಿಗೆ ಎಂದುಕೊಳ್ಳುವುದು ಲೇಸು. ಅಂಗಡಿಯ ಭಾಷೆಯಲ್ಲಿ 20 ಗೇಜ್ ಅಥವಾ ಅದಕ್ಕಿಂತ ತೆಳು. ಗೇಜಿನ ಅಂಕಿ ಏರಿದಷ್ಟೂ ತಗಡು ತೆಳುವಾಗುತ್ತದೆ ಎಂಬುದು ನೆನಪಿರಲಿ.

ಕಿಡಿ ಮತ್ತು ಬೆರಳು

ಸ್ವಿಚ್ ಆರಿಸುವ ಗಳಿಗೆಯಲ್ಲಿ ಒಂದು ಅಪಾಯವಿದೆ. ಸುರುಳಿಯಲ್ಲಿ ಕೂಡಿಟ್ಟ ಶಕ್ತಿ ಒಮ್ಮೆಲೇ ಹೊರಬರಲು ಹವಣಿಸಿ, 24 ವೋಲ್ಟಿನ ಮಂಡಲದಲ್ಲೂ ನೂರಾರು ವೋಲ್ಟ್ ಚಿಮ್ಮುತ್ತದೆ. ಹಳೆಯ ಟ್ಯೂಬ್‌ಲೈಟಿನ ಚೋಕ್ ದೀಪ ಹೊತ್ತಿಸುತ್ತಿದ್ದುದು ಇದೇ ಗುಣದಿಂದ. ಇದನ್ನು ಅರಿತವರಲ್ಲಿ ಮೊದಲಿಗನೂ ಹೆನ್ರಿಯೇ. ಅದರ ಅಳತೆಯ ಮಾನಕ್ಕೆ ಅವನ ಹೆಸರೇ ಇದೆ. ಪರಿಹಾರ ಸರಳ. ಹತ್ತು ಆಂಪಿಯರಿನ ಒಂದು ಡಯೋಡನ್ನು ಸುರುಳಿಯ ಎರಡು ತುದಿಗಳ ನಡುವೆ, ಅದರ ಬಿಳಿ ಪಟ್ಟೆ ಬ್ಯಾಟರಿಯ ಧನ ತುದಿಯ ಕಡೆಗಿರುವಂತೆ ಜೋಡಿಸಿದರೆ ಆ ಶಕ್ತಿ ಸುರುಳಿಯೊಳಗೇ ಸುತ್ತಿ ಆರುತ್ತದೆ.

ಮನೆಯ ದೀಪದ ಸ್ವಿಚ್ಚು ಈ ಕೆಲಸಕ್ಕೆ ಬೇಡ. ಲಾರಿಯ ಬಿಡಿಭಾಗದ ಅಂಗಡಿಯಲ್ಲಿ ಸಿಗುವ 24 ವೋಲ್ಟಿನ ರಿಲೇ, ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಚಾಲೂ ಇರುವ ಗುಂಡಿ, ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಇರಲಿ. ಗುಂಡಿಯನ್ನು ಯಂತ್ರದಿಂದ ದೂರ, ಎಡಗೈಗೆ ಎಟುಕುವಂತೆ ಕೂರಿಸಿ. ಎಡಗೈ ಗುಂಡಿಯ ಮೇಲೆ, ಬಲಗೈ ಕೈಹಿಡಿಯ ಮೇಲೆ ಇದ್ದರೆ ಒತ್ತುಪಟ್ಟಿಯ ಕೆಳಗೆ ಬೆರಳು ಉಳಿಯುವುದಿಲ್ಲ. 960 ಕಿಲೋ ಎಂಬ ಲೆಕ್ಕ ಬೆರಳಿಗೂ ಅನ್ವಯಿಸುತ್ತದೆ. ಹಾಗೆಯೇ ಗುಂಡಿ ಒತ್ತುವಾಗ ಎದುರು ಇನ್ನೊಬ್ಬರ ಕೈ ಇರಕೂಡದು.

ತಗಡಿನ ಅಂಚು ಬ್ಲೇಡಿನಷ್ಟು ಹರಿತ, ಕೈಗವಸು ಬೇಕು. ಬ್ಯಾಟರಿಯ ಎರಡು ತುದಿಗಳಿಗೆ ಪಾನಾ ತಾಗಿದರೆ ಬೆಂಕಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಯಂತ್ರದ ಹತ್ತಿರ ಬರಬಾರದು. ಎಟಿಎಂ ಕಾರ್ಡು, ಮುಳ್ಳಿನ ಗಡಿಯಾರ ದೂರವಿರಲಿ. ಮೊದಲ ಸಲ ಚಾಲೂ ಮಾಡುವಾಗ ವಿದ್ಯುತ್ ಕೆಲಸ ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿರಲೇಬೇಕು. ಊರಿನ ವೈಂಡಿಂಗ್ ಅಂಗಡಿಯವರು, ಐಟಿಐ ಉಪಾಧ್ಯಾಯರು ಇಂಥದ್ದಕ್ಕೆ ಖುಷಿಯಿಂದ ಬರುತ್ತಾರೆ.

ಗುಂಡಿ ಬಿಟ್ಟ ಮೇಲೂ ಒತ್ತುಪಟ್ಟಿ ತುಸು ಅಂಟಿಕೊಂಡಿರುವುದುಂಟು. ಅಳಿದುಳಿದ ಕಾಂತತ್ವದ ಚೇಷ್ಟೆ ಅದು. ದೊಡ್ಡ ಯಂತ್ರಗಳಲ್ಲಿ ಕ್ಷಣಕಾಲ ವಿದ್ಯುತ್ತನ್ನು ಹಿಮ್ಮುಖವಾಗಿ ಹರಿಸಿ ಅದನ್ನು ಅಳಿಸುತ್ತಾರೆ. ನಮ್ಮ ಪುಟ್ಟ ಯಂತ್ರಕ್ಕೆ ಒತ್ತುಪಟ್ಟಿಯ ತಳಕ್ಕೆ ಒಂದು ಪದರ ಬಣ್ಣ ಬಳಿದು, ತುದಿಯಲ್ಲಿ ಎತ್ತಲು ಸಣ್ಣ ಸನ್ನೆ ಇಟ್ಟುಕೊಂಡರೆ ಸಾಕು.

ಗಣಿತದ ಪೆಟ್ಟಿಗೆ

ಒತ್ತುಪಟ್ಟಿ ಬಿಡಿಯಾಗಿರುವುದೇ ಈ ಯಂತ್ರದ ಹೆಚ್ಚುಗಾರಿಕೆ. ಸಾಮಾನ್ಯ ಮಡಿಸುವ ಯಂತ್ರದಲ್ಲಿ ಮೇಲೆ ಅಡ್ಡತೊಲೆ ಇರುತ್ತದೆ. ಪೆಟ್ಟಿಗೆಯ ಎರಡು ಗೋಡೆ ಎದ್ದ ಮೇಲೆ ಉಳಿದೆರಡನ್ನು ಎಬ್ಬಿಸಲು ಅದು ಅಡ್ಡ ಬರುತ್ತದೆ. ಇಲ್ಲಿ ಬೇಕಾದ ಉದ್ದದ ತುಂಡು ಒತ್ತುಪಟ್ಟಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಗುಂಡಿ ಒತ್ತಿದರಾಯಿತು.

ದ್ವಿತೀಯ ಪಿಯು ಗಣಿತ ಪುಸ್ತಕದಲ್ಲಿ ಒಂದು ಪ್ರಶ್ನೆಯಿದೆ. 18 ಸೆಂ.ಮೀ. ಬದಿಯ ಚೌಕ ತಗಡಿನ ನಾಲ್ಕು ಮೂಲೆಗಳಲ್ಲೂ ಸಮನಾದ ಚೌಕಗಳನ್ನು ಕತ್ತರಿಸಿ, ಬದಿಗಳನ್ನು ಮಡಿಸಿ ಮುಚ್ಚಳವಿಲ್ಲದ ಪೆಟ್ಟಿಗೆ ಮಾಡಬೇಕು. ಅತಿ ಹೆಚ್ಚು ಹಿಡಿಯಬೇಕಾದರೆ ಎಷ್ಟು ಕತ್ತರಿಸಬೇಕು? ಅವಕಲನ ಕಲಿತವರು ಮೂರು ಸೆಂ.ಮೀ. ಎಂದು ಬರೆದು ಅಂಕ ಪಡೆಯುತ್ತಾರೆ. ಆ ತಗಡನ್ನು ಕೈಯಲ್ಲಿ ಹಿಡಿದವರು ಎಷ್ಟು ಮಂದಿ?

ಯಂತ್ರದ ಮೊದಲ ಕೆಲಸ ಇದೇ ಆಗಲಿ. ಮೂರು ಚೌಕ ತಗಡು ತನ್ನಿ. ಒಂದಕ್ಕೆ ಎರಡು, ಇನ್ನೊಂದಕ್ಕೆ ಮೂರು, ಮತ್ತೊಂದಕ್ಕೆ ನಾಲ್ಕು ಸೆಂ.ಮೀ. ಮೂಲೆ ಕತ್ತರಿಸಿ ಮಡಿಸಿ. ತಗಡು ಸ್ವಲ್ಪ ಹಿಂದಕ್ಕೆ ಚಿಮ್ಮುವುದರಿಂದ ಲಂಬಕೋನಕ್ಕಿಂತ ಮೂರ್ನಾಲ್ಕು ಡಿಗ್ರಿ ಹೆಚ್ಚು ಎತ್ತಬೇಕು. ಸ್ಥಿತಿಸ್ಥಾಪಕತೆಯ ಪಾಠವನ್ನು ಅಂಗೈ ತಾನಾಗಿ ಕಲಿಯುತ್ತದೆ. ಆಮೇಲೆ ಮೂರಕ್ಕೂ ರಾಗಿ ತುಂಬಿ, ಮೇಲೆ ಸಮ ಮಾಡಿ ಅಳೆದು ನೋಡಿ. ಲೆಕ್ಕದ ಪ್ರಕಾರ ಮೊದಲನೆಯದು 392, ಎರಡನೆಯದು 432, ಮೂರನೆಯದು 400 ಘನ ಸೆಂ.ಮೀ. ಹಿಡಿಯಬೇಕು. ನಿಮ್ಮ ರಾಗಿ ಅದಕ್ಕೆ ಒಪ್ಪದಿದ್ದರೆ ಮಡಿಕೆ ಗೆರೆಯಿಂದ ಸರಿದಿದೆ ಎಂದರ್ಥ. ಯಂತ್ರದ ಅಕ್ಷವನ್ನು ಮತ್ತೊಮ್ಮೆ ನೋಡಿ.

ಮಾರ್ಚಿಯ ಪರೀಕ್ಷೆ ಹತ್ತಿರವಿರುವಾಗ ಇದಕ್ಕೆಲ್ಲ ಬಿಡುವೆಲ್ಲಿ ಎಂದು ಪೋಷಕರು ಕೇಳಿಯಾರು. ಪರೀಕ್ಷೆ ಮುಗಿದ ಮೇಲೆ ಬೇಸಿಗೆ ರಜೆಯಿದೆ. ವಿದ್ಯುತ್ತಿನ ಕಾಂತ ಪರಿಣಾಮ, ಓಮನ ನಿಯಮ, ವರ್ಗದ ಲೆಕ್ಕ, ಅವಕಲನ ಎಲ್ಲ ಒಂದೇ ಮೇಜಿನ ಮೇಲೆ ಸೇರುವ ಇಂಥ ಅವಕಾಶ ಟ್ಯೂಷನ್ನಿನಲ್ಲಿ ಸಿಗುವುದಿಲ್ಲ. ರಜೆ ಮುಗಿಯುವ ಹೊತ್ತಿಗೆ ಮನೆಯ ಸುಲಿಯುವ ಯಂತ್ರದ ಬೆಲ್ಟಿಗೆ ಮಗನೋ ಮಗಳೋ ಮಾಡಿದ ಒಂದು ಮರೆ ಬಂದು ಕೂತರೆ, ಅಷ್ಟು ದಿನದ ಶ್ರಮಕ್ಕೆ ಅದೇ ಸಾಕು.